ವಯಸ್ಕರ ಗುರುಗಳೂ ತೆರೆಯ ಮೇಲಿನ ಪದವಿಯೂ

ಮನೆಯಲ್ಲಿ ಕುಳಿತು, ಗಣಕದ ತೆರೆಯ ಮೇಲೆ ಪಾಠವನ್ನು ಕೇಳಿ, ಸ್ನಾತಕೋತ್ತರ ಪದವಿಯನ್ನು ಪಡೆಯುವುದು ಈಗ ಸಾಧ್ಯವಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2020ರಲ್ಲಿ ಇದಕ್ಕೆ ನಿಯಮಗಳನ್ನು ವಿಧಿಸಿತು. ಮಾನ್ಯತೆಯುಳ್ಳ ಸಂಸ್ಥೆಗಳು ಕೊಡುವ ಇಂಥ ಪದವಿಗಳು ತರಗತಿಯಲ್ಲಿ ಪಡೆದ ಪದವಿಗಳಿಗೆ ಸಮಾನವೆಂದು 2022ರ ಸೆಪ್ಟೆಂಬರಿನಲ್ಲಿ ಸಾರಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ವಯಸ್ಕರ ಶಿಕ್ಷಣವನ್ನೇ ವಿಷಯವನ್ನಾಗಿ ಮಾಡಿ ದೂರಶಿಕ್ಷಣದ ಎಂ.ಎ. ಪದವಿಯೊಂದನ್ನು ರೂಪಿಸಿದೆ. ಇದನ್ನೆಲ್ಲ ಕಂಡು, ವಯಸ್ಕರಿಗೆ ಕಲಿಸುವವರನ್ನು ಅಣಿಗೊಳಿಸಲು ತೆರೆಯೊಂದೇ ಸಾಕೆಂಬ ವಾದವು ವಿದ್ಯಾವಂತರಲ್ಲಿ ಹುಟ್ಟಿಕೊಂಡಿದೆ. ಈ ವಾದವನ್ನು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ.

ಮೊದಲು ಪೂರ್ವಪಕ್ಷಕ್ಕೆ ಸಲ್ಲಬೇಕಾದ ನ್ಯಾಯವು ಸಲ್ಲಲಿ. ವಯಸ್ಕರಿಗೆ ಕಲಿಸಬಯಸುವವರು ಬಹುಮಟ್ಟಿಗೆ ಹಗಲೆಲ್ಲ ದುಡಿಯುವವರು. ಕೃಷ್ಣರಾಜಪುರದ ಗೃಹಿಣಿಯೊಬ್ಬಳು ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಒಂಬತ್ತು ಗಂಟೆಗೆ ಉಪನ್ಯಾಸವನ್ನು ಕೇಳಬಲ್ಲಳಾದರೆ ಅದು ಸಣ್ಣ ಉಪಕಾರವಲ್ಲ. ಬ್ರೆಜಿಲಿನ ಪಾಲೊ ಫ್ರೇರಿಯು 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಶ್ರಮಜೀವಿಗಳಿಗೆ ಅಕ್ಷರ ಕಲಿಸಿದ ಕ್ರಮವನ್ನೂ, ವಯಸ್ಕರ ಮನಸ್ಸಿನ ಧರ್ಮಗಳನ್ನೂ, ಈ ದೇಶದ ಸಾಕ್ಷರತಾ ಚಳವಳಿಗಳ ಇತಿಹಾಸವನ್ನೂ ತೆರೆಯು ಚೆನ್ನಾಗಿಯೇ ತಿಳಿಸೀತು. ಶಾಸ್ತ್ರಭಾಗಕ್ಕೆ ತೆರೆಯು ಯೋಗ್ಯವಾದ ಸಾಧನವೆಂಬುದರಲ್ಲಿ ವಿವಾದವಿಲ್ಲ. ಪ್ರಯೋಗಭಾಗದಲ್ಲಿಯೇ ವಿವಾದವಿರುವುದು.

ಬಾಲಕನು ಶಾಲೆಗೆ ಬರುವುದು ತಂದೆತಾಯಿಗಳ ಬಲವಂತದಿಂದ. 6ರಿಂದ 14 ವರ್ಷದವರೆಗೆ 2009ರ ಶಾಸನವೂ ಅವನ ಬೆಂಬಲಕ್ಕಿದೆ. ವಯಸ್ಕನಿಗೆ ಬಲವಂತವೂ ಇಲ್ಲ, ಬೆಂಬಲವೂ ಇಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ದಿನವೆಲ್ಲ ಮೂಟೆ ಹೊತ್ತವನು ಸಂಜೆ ಸ್ಲೇಟು ಹಿಡಿದು ಕುಳಿತನೆಂದರೆ, ಅವನನ್ನು ಅಲ್ಲಿ ಕೂರಿಸಿರುವುದು ಸ್ವಂತ ಇಚ್ಛೆಯೊಂದೇ. ಹತ್ತು ಜನರೆದುರಿಗೆ ಅವನ ತಪ್ಪನ್ನು ಒಮ್ಮೆ ಒರಟಾಗಿ ತಿದ್ದಿದರೆ ಮಾರನೆಯ ದಿನ ಅವನು ಬರುವುದಿಲ್ಲ. ಬಾರದಿದ್ದುದಕ್ಕೆ ಕಾರಣವನ್ನೂ ಹೇಳುವುದಿಲ್ಲ. ಮಕ್ಕಳ ಉಪಾಧ್ಯಾಯನ ಸೋಲು ಪರೀಕ್ಷೆಯ ಅಂಕಗಳಲ್ಲಿ ಕಾಣುವುದು. ವಯಸ್ಕರ ಉಪಾಧ್ಯಾಯನ ಸೋಲು ಬರಿದಾದ ಚಾಪೆಯಲ್ಲಿ ಮಾತ್ರ ಕಾಣುವುದು. ಅದನ್ನು ಯಾರೂ ಲೆಕ್ಕವಿಡುವುದಿಲ್ಲ. ಆದಕಾರಣ ಎದುರಿಗೆ ಕುಳಿತವನ ಮುಖವನ್ನು ಓದುವ ಅಭ್ಯಾಸವೇ ಈ ಕಸುಬಿನ ಮೊದಲನೆಯ ಪಾಠ.

ಬೆಂಗಳೂರಿನ ದಂಡಿನ ಭಾಗದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುವುದು. 1809ರಲ್ಲಿ ಆಂಗ್ಲರು ದಂಡನ್ನು ಇಳಿಸಿದಂದಿನಿಂದ ಇಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಬಾಳಿವೆ. 1949ರಲ್ಲಿ ದಂಡೂ ಪೇಟೆಯೂ ಒಂದೇ ನಗರಸಭೆಗೆ ಸೇರಿದ ಮೇಲೆ ಕನ್ನಡ ಓದುಬರಹವು ಎಲ್ಲರಿಗೂ ಬೇಕಾಯಿತು. ಇಂಥ ಕಡೆ ಕನ್ನಡ ಕಲಿಸುವವನ ಮುಂದೆ ನಾಲ್ವರು ಕುಳಿತಿದ್ದಾರೆಂದು ಭಾವಿಸಿರಿ. ಒಬ್ಬನು ಹಲಸೂರಿನವನು, ತಮಿಳು ಓದಬಲ್ಲವನು. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆಲ್ಲ ಒಂದೇ ಅಕ್ಷರವಾದ್ದರಿಂದ ಅವನು ‘ಗಾಳಿ’ಯನ್ನು ‘ಕಾಳಿ’ಯೆಂದು ಬರೆದಾನು. ಇನ್ನೊಬ್ಬಳು ಶಿವಾಜಿನಗರದವಳು, ಉರ್ದು ಬಲ್ಲವಳು. ಬಲದಿಂದ ಎಡಕ್ಕೆ ಓದಿ ಪಳಗಿದ ಅವಳ ಕಣ್ಣಿಗೆ ಸಾಲಿನ ದಿಕ್ಕೇ ಹೊಸದು. ಮೂರನೆಯವನು ಇಂದಿರಾನಗರದಲ್ಲಿ ನೌಕರಿಗಿರುವ ಉತ್ತರದೇಶದವನು. ಹಿಂದಿಯ ಬರಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಭೇದವಿಲ್ಲದ ಕಾರಣ ಅವನಿಗೆ ‘ಬೆಳೆ’ಯೂ ‘ಬೇಳೆ’ಯೂ ಒಂದೇ, ‘ಕೊಡು’ವೂ ‘ಕೋಡು’ವೂ ಒಂದೇ. ನಾಲ್ಕನೆಯವಳು ಕಟ್ಟಡದ ಕೂಲಿಗಾಗಿ ಕಲಬುರಗಿಯ ಕಡೆಯಿಂದ ಕೃಷ್ಣರಾಜಪುರಕ್ಕೆ ಬಂದವಳು. ಕನ್ನಡವು ಅವಳ ತಾಯ್ನುಡಿ, ಆದರೆ ಸೀಸದಕಡ್ಡಿಯನ್ನು ಅವಳ ಬೆರಳು ಎಂದೂ ಹಿಡಿದದ್ದಿಲ್ಲ. ತಪ್ಪುಗಳು ನಾಲ್ಕು, ಅವುಗಳ ಕಾರಣಗಳು ನಾಲ್ಕು, ಮದ್ದುಗಳೂ ನಾಲ್ಕು. ಇಡೀ ದೇಶಕ್ಕೆಲ್ಲ ಒಂದೇ ಪಾಠವನ್ನು ಒಪ್ಪಿಸುವ ತೆರೆಗೆ ಹಲಸೂರಿನ ಈ ಕೋಣೆಯು ಗೋಚರವಾಗುವುದೆಂತು?

ಶಾಸನದ ಸ್ಥಿತಿಯು ಇನ್ನೂ ವಿಚಿತ್ರವಾಗಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತನ್ನು ಸ್ಥಾಪಿಸಿದ 1993ರ ಶಾಸನವು ‘ಶಿಕ್ಷಕರ ಶಿಕ್ಷಣ’ವೆಂಬ ಪದದ ಅರ್ಥದಲ್ಲಿ ವಯಸ್ಕರ ಶಿಕ್ಷಣವನ್ನೂ ಸ್ಪಷ್ಟವಾಗಿ ಸೇರಿಸಿದೆ. ಆದರೆ ಆ ಪರಿಷತ್ತು 2014ರಲ್ಲಿ ಮಾನದಂಡಗಳನ್ನು ವಿಧಿಸಿದ 15 ಬಗೆಯ ಶಿಕ್ಷಣಕ್ರಮಗಳಲ್ಲಿ ವಯಸ್ಕರ ಗುರುಗಳಿಗೆಂದು ಒಂದೂ ಇರಲಿಲ್ಲ. ಅದೇ ಮಾನದಂಡಗಳು, ಮಕ್ಕಳಿಗೆ ಕಲಿಸಲು ಬಿ.ಎಡ್. ಮಾಡುವವನು 20 ವಾರಗಳನ್ನು ಶಾಲೆಯ ಅನುಭವದಲ್ಲಿ ಕಳೆಯತಕ್ಕದ್ದೆಂದು ಕಟ್ಟುಮಾಡಿದುವು. ಹಸುಳೆಗೆ ಕಲಿಸುವವನಿಗೆ ಅಭ್ಯಾಸವು ಅವಶ್ಯ, ಹಸುಳೆಯ ತಾಯಿಗೆ ಕಲಿಸುವವನಿಗೆ ಅನವಶ್ಯ ಎಂಬುದು ಯಾವ ನ್ಯಾಯ?

ಇಲ್ಲಿ ಎರಡನೆಯ ಪ್ರತಿವಾದಿಯು ಎದ್ದು ನಿಲ್ಲುವನು. ‘ಪದವಿಯೂ ಬೇಡ, ಅಭ್ಯಾಸವೂ ಬೇಡ; ಸೇವಾಭಾವವುಳ್ಳ ಯಾರಾದರೂ ಅಕ್ಷರ ಕಲಿಸಬಹುದು’ ಎಂಬುದು ಅವನ ಮಾತು. ಕೇಂದ್ರ ಸರಕಾರದ ‘ಉಲ್ಲಾಸ್’ ಯೋಜನೆಯು ನಿಂತಿರುವುದು ಸ್ವಯಂಸೇವಕರ ಮೇಲೆಯೇ. 2022ರಿಂದ 2027ರವರೆಗೆ 5 ಕೋಟಿ ವಯಸ್ಕರನ್ನು ಸಾಕ್ಷರರನ್ನಾಗಿ ಮಾಡುವುದು ಅದರ ಗುರಿ. ಗೊತ್ತುಮಾಡಿದ ಹಣ 1037.90 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ತಲೆಗೆ ಸುಮಾರು 208 ರೂಪಾಯಿ! ಸ್ವಯಂಸೇವಕರ ತ್ಯಾಗವು ಪೂಜ್ಯವಾದದ್ದೇ. ಆದರೆ ಕರುಣೆಯುಳ್ಳವನೆಲ್ಲ ವೈದ್ಯನಾಗಲಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸ್ವಯಂಸೇವಕರ ಜೊತೆಗೆ ತರಬೇತಿ ಹೊಂದಿದ ಬೋಧಕರು ಬೇಕೆಂದು ಹೇಳಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆಯು 75.36 ಶೇಕಡ; ಸ್ತ್ರೀಯರದು 68.08 ಮಾತ್ರ. ಹತ್ತು ಮಂದಿ ಸ್ತ್ರೀಯರಲ್ಲಿ ಮೂವರು ಹೊರಗುಳಿದ ನಾಡಿನಲ್ಲಿ ಗುರುಗಳನ್ನು ದಯೆಯ ಲೆಕ್ಕದಲ್ಲಿ ಒದಗಿಸುವುದು ತರವಲ್ಲ.

ಹಾಗಾದರೆ ಸಿದ್ಧಾಂತವೇನು? ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ‘ನಾನು ಮೇಲು, ತಾನು ಮೇಲು’ ಎಂದು ಕಲಹಮಾಡುವರು. ತೀರ್ಪುಗಾರ್ತಿಯಾದ ಪರಿವ್ರಾಜಿಕೆಯು ಅವರ ಶಾಸ್ತ್ರವಾದವನ್ನು ಬದಿಗಿರಿಸಿ, ಶಿಷ್ಯೆಯರ ಪ್ರಯೋಗವನ್ನು ನೋಡಿ ಗುರುವಿನ ಬೆಲೆಯನ್ನು ಕಟ್ಟುವಳು. ಆ ನ್ಯಾಯವು ಇಲ್ಲಿಯೂ ನಡೆಯಲಿ. ಉಪನ್ಯಾಸಗಳು ತೆರೆಯ ಮೇಲಿರಲಿ, ಪರೀಕ್ಷೆಯೂ ಇರಲಿ. ಆದರೆ ಅಭ್ಯರ್ಥಿಯು ತನ್ನ ನೆರೆಯ ಸಂಜೆಯ ತರಗತಿಯೊಂದರಲ್ಲಿ, ನುರಿತ ಗುರುವಿನ ಕಣ್ಣೆದುರಿಗೆ, ಬಿ.ಎಡ್.ನವರಂತೆಯೇ 20 ವಾರ ಕಲಿಸದ ಹೊರತು ಪದವಿಯು ದೊರೆಯಬಾರದು. ಮೊದಲ ವಾರ ಬಂದವರಲ್ಲಿ ಕೊನೆಯ ವಾರ ಎಷ್ಟು ಮಂದಿ ಉಳಿದರು, ಅವರಲ್ಲಿ ಎಷ್ಟು ಮಂದಿ ಹಿಂದೆ ನೋಡದ ಪುಟವೊಂದನ್ನು ಓದಬಲ್ಲರು ಎಂಬುದೇ ಆ ಪದವಿಯ ಮುಖ್ಯ ಪರೀಕ್ಷೆಯಾಗಲಿ.

ಇದು ದುಸ್ಸಾಧ್ಯವೆನ್ನುವವರು ನಕ್ಷೆಯನ್ನು ನೋಡಲಿ. ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳು 2023ರ ಅಕ್ಟೋಬರಿನಿಂದ ಮೆಟ್ರೋದ ಒಂದೇ ನೇರಳೆ ಮಾರ್ಗದಲ್ಲಿವೆ. ಇಂದಿರಾನಗರದ ಪದವೀಧರನಿಗೂ ಹಲಸೂರಿನ ಕೂಲಿಕಾರನಿಗೂ ನಡುವೆ ಇರುವುದು ಒಂದೇ ನಿಲ್ದಾಣದ ದೂರ. ಬೇಕಾದದ್ದು ಸಂಜೆ ಎರಡು ಗಂಟೆ ತೆರೆದಿಡುವ ಒಂದು ಕೋಣೆ. ಶಾಲೆಗಳು, ಗ್ರಂಥಾಲಯಗಳು, ಸಾಹಿತ್ಯಸಂಘಗಳು, ವಿದ್ಯಾವಂತರ ಮನೆಗಳು ಅದನ್ನು ಕೊಡಬಲ್ಲವು. ಕನ್ನಡಕ್ಕೆ ಹೊಸ ಓದುಗರು ಬೇಕೆಂದು ಸಭೆಸಭೆಗಳಲ್ಲಿ ಹಂಬಲಿಸುವ ಮಹನೀಯರು, ಆ ಓದುಗರನ್ನು ಸಿದ್ಧಪಡಿಸುವ ಗುರುವಿಗೆ ಒಂದು ಹಲಗೆಯನ್ನೂ ಒಂದು ದೀಪವನ್ನೂ ಒದಗಿಸಲಿ. ಮಿಕ್ಕ ಭಾಷಣಗಳು ಆಮೇಲೆ ಆಗಬಹುದು.