ಅಂಗಳದ ಹಸುರಿಗೆ ತುಂತುರು ನೀರು

ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ, ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಇರುವ ಮಾಚೇನಹಳ್ಳಿಯಿಂದ ಸದ್ಭಕ್ತರೊಬ್ಬರು ಕೇಳಿದ್ದಾರೆ: ಮನೆಯ ಮುಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಹುಲ್ಲುಹಾಸು ಇದೆ, ಅದಕ್ಕೆ ತುಂತುರು ನೀರಿನ ಸ್ಪ್ರಿಂಕ್ಲರನ್ನು ಕೆಲಸಗಾರರ ನೆರವಿಲ್ಲದೆ ನಾವೇ ಕೂಡಿಸಿಕೊಳ್ಳಬಹುದೇ? ಧಾರಾಳವಾಗಿ ಕೂಡಿಸಿಕೊಳ್ಳಬಹುದು. ಆದರೆ ಅಂಗಡಿಗೆ ಹೋಗುವ ಮುನ್ನ ಲೆಕ್ಕವೊಂದನ್ನು ಮಾಡಿಕೊಳ್ಳತಕ್ಕದ್ದು.

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಬೇಸಗೆಯಲ್ಲಿ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರು ನೀರು ಬೇಕಾಗುತ್ತದೆ. ಈ ಅಂಗಳದ ವಿಸ್ತೀರ್ಣ ಹದಿನೆಂಟೂವರೆ ಚದರ ಮೀಟರು. ಅಂದರೆ ದಿನವೊಂದಕ್ಕೆ 93 ಲೀಟರು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ್ದು 55 ಲೀಟರು. ಹೆಚ್ಚು ಕಡಿಮೆ ಇಬ್ಬರ ಪಾಲಿನ ನೀರನ್ನು ಅಂಗಳದ ಹುಲ್ಲು ಕುಡಿಯುತ್ತದೆ! 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ತುಂಗೆ ಒಂದು ಕಡೆ, ಭದ್ರೆ ಇನ್ನೊಂದು ಕಡೆ ಹರಿಯುತ್ತಿರುವಾಗ ನಮಗೇನು ಎಂದು ಈ ಸೀಮೆಯವರು ಉದಾಸೀನ ಮಾಡುವಂತಿಲ್ಲ. ಬೇಸಗೆಯ ಕೊಳವೆಬಾವಿಗೆ ನದಿಯ ಹೆಸರು ಗೊತ್ತಿರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುಲ್ಲುಹಾಸನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧದಲ್ಲಿ ಇಷ್ಟಲಿಂಗ ಪೂಜೆಗೆ ಒದಗುವ ತುಂಬೆ, ಕಣಗಿಲೆ, ನಂದಿಬಟ್ಟಲುಗಳನ್ನೂ ಒಂದು ಬಿಲ್ವವನ್ನೂ ಬೆಳೆಸುವುದು ಲೇಸು. ಬಿಲ್ವವು ಬೇರೂರಿದ ಮೇಲೆ ಹೆಚ್ಚು ನೀರನ್ನು ಬೇಡುವುದಿಲ್ಲ. ಇಷ್ಟಾಗಿಯೂ ಇಡೀ ಅಂಗಳಕ್ಕೆ ಹುಲ್ಲೇ ಬೇಕೆಂಬುವವರು ಮುಂದಿನ ಕ್ರಮವನ್ನು ಅನುಸರಿಸಲಿ. ಅರ್ಧ ಅಂಗಳದವರಿಗೂ ಕ್ರಮ ಇದೇ, ಜೆಟ್ಟುಗಳು ಮಾತ್ರ ಕಡಿಮೆ.

ಇಪ್ಪತ್ತು ಲೀಟರಿನ ಬಕೆಟ್ಟನ್ನು ಅಂಗಳದ ನಲ್ಲಿಯ ಕೆಳಗಿಟ್ಟು ಗಡಿಯಾರವನ್ನು ನೋಡಿರಿ. ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ 600 ಲೀಟರು. ಇದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯಬಾರದು. ನಂತರ ಒತ್ತಡ. ಹತ್ತು ಮೀಟರು ಎತ್ತರದ ನೀರು ಒಂದು ಕಿಲೋ ಒತ್ತಡವನ್ನು ಕೊಡುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕು ಇಪ್ಪತ್ತಡಿ ಎತ್ತರದಲ್ಲಿದ್ದರೆ ದೊರೆಯುವುದು ಸುಮಾರು 0.6 ಕಿಲೋ ಮಾತ್ರ. ಮೈಕ್ರೋ ಸ್ಪ್ರಿಂಕ್ಲರಿನ ಸಣ್ಣ ಜೆಟ್ಟಿಗೂ ಒಂದರಿಂದ ಒಂದೂವರೆ ಕಿಲೋ ಬೇಕು. ಅಡಿಕೆ ತೋಟದಲ್ಲಿ ಟಕಟಕನೆ ಸುತ್ತುವ ದೊಡ್ಡ ಜೆಟ್ಟನ್ನು ತಂದು ಟ್ಯಾಂಕಿನ ನಲ್ಲಿಗೆ ಸಿಕ್ಕಿಸಿದವರು, ಅದು ಸುತ್ತದೆ ಬರಿದೆ ತೊಟ್ಟಿಕ್ಕುವುದನ್ನು ಕಂಡು ಅಂಗಡಿಯವನನ್ನು ದೂರುವುದುಂಟು. ಅಂಗಡಿಯವನದೇನು ತಪ್ಪು? ಇಲ್ಲಿ ಅರ್ಧ ಅಶ್ವಶಕ್ತಿಯ ಸಣ್ಣ ಪಂಪು ಬೇಕಾಗುತ್ತದೆ.

ಹತ್ತಡಿ ದೂರ ಚಿಮ್ಮುವ, ಗಂಟೆಗೆ ಸುಮಾರು 50 ಲೀಟರು ಬಿಡುವ ಆರು ಜೆಟ್ಟುಗಳು ಈ ಅಂಗಳಕ್ಕೆ ಸಾಕು. ನಾಲ್ಕು ಮೂಲೆಗಳಿಗೆ ಕಾಲು ವೃತ್ತ ಚಿಮ್ಮುವಂಥವು, ಉದ್ದದ ಎರಡು ಬದಿಗಳ ನಡುವೆ ಅರ್ಧ ವೃತ್ತದವು. ಒಂದರ ನೀರು ಪಕ್ಕದ ಜೆಟ್ಟಿನ ಬುಡವನ್ನು ಮುಟ್ಟಬೇಕು. ಇಲ್ಲವಾದರೆ ನಡುವೆ ಹುಲ್ಲು ಒಣಗಿ ಮಚ್ಚೆ ಬೀಳುತ್ತದೆ. ಆರೂ ಸೇರಿ ಗಂಟೆಗೆ 300 ಲೀಟರು. ಇಪ್ಪತ್ತು ನಿಮಿಷದಲ್ಲಿ ಆ ದಿನದ ನೀರು ಮುಗಿಯುತ್ತದೆ.

ಮುಖ್ಯ ಪೈಪನ್ನು ಒಂದಡಿ ಆಳದಲ್ಲಿ ಹೂಳಬೇಕು. ಗುದ್ದಲಿ ಹಿಡಿಯುವುದು ಕೂಲಿಯವರ ಕೆಲಸವೆಂದು ಸಂಕೋಚಪಡುವವರಿಗೆ ಶೂನ್ಯಸಂಪಾದನೆಯ ಗೊಗ್ಗಯ್ಯನನ್ನು ನೆನಪಿಸುತ್ತೇನೆ. ಅಲ್ಲಮಪ್ರಭುಗಳು ಅವನನ್ನು ಮಾತನಾಡಿಸಿದ್ದು ತೋಟದ ಕೆಲಸದ ನಡುವೆಯೇ. ಅಲ್ಲದೆ ತಾನೇ ಅಗೆದು ಹೂಳಿದವನಿಗೆ ಪೈಪು ಎಲ್ಲಿದೆ, ಜೋಡಣೆ ಎಲ್ಲಿದೆ ಎಂಬುದು ತಿಳಿದಿರುತ್ತದೆ. ಸೋರಿದ ದಿನವೇ ಅಗೆದು ಸರಿಪಡಿಸುತ್ತಾನೆ.

ಪಂಪಿನ ಮುಂದೆ ಒಂದು ಫಿಲ್ಟರು, ಒಂದು ವಾಲ್ವು ಇರಲಿ. ನೀರು ಹಿಂದಕ್ಕೆ ಮರಳದಂತೆ ತಡೆಯುವ ನಾನ್‌ರಿಟರ್ನ್ ವಾಲ್ವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಪಂಪು ನಿಂತಾಗ ಮಣ್ಣಿನ ಕೊಳೆಯು ಮನೆಯ ಕುಡಿಯುವ ನೀರಿಗೆ ಹಿಂಸರಿದು ಸೇರುವ ಅಪಾಯವುಂಟು. ಜೋಡಣೆಗೆ ಹಚ್ಚಿದ ಅಂಟು ಒಂದು ರಾತ್ರಿ ಒಣಗಲಿ. ಮರುದಿನ ಜೆಟ್ಟುಗಳನ್ನು ಸಿಕ್ಕಿಸುವ ಮೊದಲು ಪೈಪಿನ ಬಾಯಿಗಳನ್ನು ತೆರೆದೇ ನೀರು ಬಿಡತಕ್ಕದ್ದು. ಗರಗಸದ ಪುಡಿ, ಮಣ್ಣು ಎಲ್ಲವೂ ಹೊರಬೀಳುತ್ತದೆ. ಬಳಿಕ ಒಂದೇ ಅಳತೆಯ ನಾಲ್ಕೈದು ಖಾಲಿ ಡಬ್ಬಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ಇಪ್ಪತ್ತು ನಿಮಿಷ ಓಡಿಸಿ, ಎಲ್ಲದರಲ್ಲೂ ನೀರು ಸಮನಾಗಿ ಬಿದ್ದಿದೆಯೇ ಎಂದು ಅಳೆದು ನೋಡಿರಿ. ಮಣ್ಣು ತುಂಬುವುದು ಆಮೇಲೆ.

ನೀರು ಬಿಡಲು ಬೆಳಗಿನ ಜಾವವೇ ಪ್ರಶಸ್ತ. ಮಧ್ಯಾಹ್ನದ ಬಿಸಿಲು ಮತ್ತು ಗಾಳಿಗೆ ತುಂತುರಿನ ಒಂದು ಪಾಲು ವ್ಯರ್ಥವಾಗುತ್ತದೆ. ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಹುಲ್ಲಿಗೆ ಬೂಷ್ಟು ರೋಗ ತಗಲುತ್ತದೆ. ಬಚ್ಚಲ ನೀರನ್ನು ಸ್ಪ್ರಿಂಕ್ಲರಿನಲ್ಲಿ ಚಿಮ್ಮಿಸಬಾರದು. ಅದರ ಹನಿಗಳು ಉಸಿರಿಗೂ ಪೂಜೆಯ ಪತ್ರೆಗೂ ಸಲ್ಲವು. ಅದು ಹಿತ್ತಿಲ ಬಾಳೆಯ ಬುಡಕ್ಕೆ ಹರಿಯಲಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಪಂಪನ್ನು ನಿಲ್ಲಿಸಿ ಜೆಟ್ಟುಗಳನ್ನು ಬಿಚ್ಚಿ, ಪೈಪಿನ ಬಾಯಿಗೆ ಇರುವೆ ಹೊಗದಂತೆ ಮುಚ್ಚಳ ಹಾಕಿರಿ. ಕೊಳವೆಬಾವಿಯ ಗಡಸು ನೀರಿನಿಂದ ಜೆಟ್ಟಿನ ರಂಧ್ರದಲ್ಲಿ ಉಪ್ಪು ಕಟ್ಟಿದ್ದರೆ ತಂತಿಯಿಂದ ಚುಚ್ಚಬೇಡಿರಿ, ರಂಧ್ರ ಹಿಗ್ಗುತ್ತದೆ. ನಿಂಬೆಯ ರಸದಲ್ಲಿ ಒಂದು ರಾತ್ರಿ ನೆನೆಸಿಟ್ಟು ಬೆಳಗ್ಗೆ ತೊಳೆದರೆ ಸಾಕು.