ಮಗುವಿನ ಬೆನ್ನು ನೋವು ನೆವವಲ್ಲ

ಐದಾರು ವರ್ಷದ ಮಗು "ಬೆನ್ನು ನೋಯ್ತದೆ" ಅಂದರೆ ನಮ್ಮ ಕೇರಿಗಳಲ್ಲಿ ಸಿಗುವ ಉತ್ತರ ಎರಡೇ. ಒಂದು, "ಶಾಲೆ ತಪ್ಪಿಸೋಕೆ ನೆವ." ಇನ್ನೊಂದು, "ಉಳುಕಿರ್ಬೇಕು, ಎಣ್ಣೆ ಹಚ್ಚಿ ತಿಕ್ಕು." ಓದಿದವರು ಮೂರನೆಯದೊಂದನ್ನು ಸೇರಿಸ್ತಾರೆ: "ಎಲ್ಲಾ ಆ ಚೀಲದ ಭಾರ." ಮೂರೂ ಮಗುವನ್ನು ಸರಿಯಾಗಿ ನೋಡದೆ ಕೊಟ್ಟ ಉತ್ತರಗಳು ಅಂತ ನಾವು ಹೇಳುತ್ತೇವೆ.

ಚೀಲದ ಭಾರ ಸುಳ್ಳಲ್ಲ. ಅದು ಮಗುವಿನ ತೂಕದ ಹತ್ತರಲ್ಲೊಂದು ಪಾಲು ಮೀರಬಾರದು, ಒಂದು-ಎರಡನೇ ತರಗತಿಗೆ 2 ಕಿಲೋ ದಾಟಬಾರದು ಎಂದು 2019ರಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. 2023ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು. ಆದರೆ ಭಾರ ಅಂದರೆ ಚೀಲ ಒಂದೇ ಏನು? ನೀರಿನ ಕೊಡ, ಸೌದೆ ಹೊರೆ, ಸೊಂಟದ ಮೇಲೆ ತಮ್ಮನೋ ತಂಗಿಯೋ. ಇವನ್ನು ತೂಗಿ ನೋಡಿದವರು ಯಾರು?

ಇದಕ್ಕಿಂತ ದೊಡ್ಡ ಮಾತೊಂದಿದೆ. ಚಿಕ್ಕ ಮಕ್ಕಳಿಗೆ ಬೆನ್ನು ನೋವು ಅಪರೂಪ. ಬಂದದ್ದು ಬಿಡದೆ ನಿಂತರೆ ಒಳಗೆ ರೋಗವಿರಬಹುದು: ಬೆನ್ನುಮೂಳೆಯ ಸೋಂಕು, ಕ್ಷಯ, ಗಡ್ಡೆ, ಒಮ್ಮೊಮ್ಮೆ ರಕ್ತದ ಕ್ಯಾನ್ಸರ್ ಕೂಡ. ಕ್ಷಯ ಅಂದರೆ ಕೆಮ್ಮು ಅಂತಲೇ ಜನ ತಿಳಿದಿದ್ದಾರೆ. ಕೆಮ್ಮಿಲ್ಲದೆಯೂ ಅದು ಬೆನ್ನುಮೂಳೆಯನ್ನು ತಿನ್ನುತ್ತದೆ. ಹಾಗೇ ಬಿಟ್ಟರೆ ಗೂನು, ಕೊನೆಗೆ ಕಾಲಿನ ಬಲವೇ ಹೋಗಬಹುದು. ಹೊಟ್ಟೆಗೆ ಸಾಲದ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗಳಲ್ಲೇ ಅದು ಹೆಚ್ಚು ಹರಡುವುದು. ಅವು ಯಾರ ಮನೆಗಳು ಅಂತ ನಿಮಗೆ ಹೇಳಬೇಕಿಲ್ಲ. ಬೇಗ ಹಿಡಿದರೆ ಹೆಚ್ಚಿನ ಮಕ್ಕಳಿಗೆ ಮಾತ್ರೆಯಲ್ಲೇ ವಾಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮದ್ದು ಪುಕ್ಕಟೆ.

ಆದ್ದರಿಂದ ಕೇಳಿ. ರಾತ್ರಿ ನೋವಿಗೆ ಎದ್ದು ಅಳ್ತದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ಕುಂಟುತ್ತದೆಯೇ? ನೆಲದ ಮೇಲಿನದನ್ನು ಬಗ್ಗಿ ಎತ್ತಲಾರದೆ ಕುಕ್ಕರಿಸುತ್ತದೆಯೇ? ಒಂದಕ್ಕೆ ಹೌದು ಅಂದರೂ ತಿಕ್ಕಿಸಬೇಡಿ. ಭಟ್ಕಳ, ಹೊನ್ನಾವರ, ಕುಮಟಾ, ಯಾವುದು ಹತ್ತಿರವೋ ಆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲಿನ ಬಲ ಕುಂದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಅದೇ ದಿನ ಹೋಗಿ.

ಅಲ್ಲಿಂದ ಮುಂದೆ? ದೊಡ್ಡ ತಪಾಸಣೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು ಆಗ ಮತ್ತೆ ಎದ್ದಿತು. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಅಷ್ಟು ದೂರ ಹೋಗಲಾರದ ತಾಯಿ ಎಣ್ಣೆಗೇ ಮರಳುತ್ತಾಳೆ. ಅದನ್ನು ಅವಳ ಅಜ್ಞಾನ ಅನ್ನುವವರನ್ನು ನಾವು ಒಪ್ಪುವುದಿಲ್ಲ.

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಈ ಪ್ರಶ್ನೆಗಳನ್ನು ಕೇರಿಯ ಮನೆಮನೆಯಲ್ಲಿ ಕೇಳಿ. ಶಾಲೆ, ಅಂಗನವಾಡಿಗೆ ತಪಾಸಣೆಗೆ ಬರುವ ಸರ್ಕಾರಿ ವೈದ್ಯರ ತಂಡ ಯಾವಾಗ ಬರ್ತದೆ ಅಂತ ಆಶಾ ಕಾರ್ಯಕರ್ತೆಯಿಂದ ತಿಳಿದು, ಅಂಥ ಮಗುವನ್ನು ಅವರೆದುರು ನಿಲ್ಲಿಸಿ. ಅಪ್ಪ ಅವ್ವನಿಗೆ ಕೂಲಿ ಬಿಡಲಾಗದಿದ್ದರೆ ತಾಲೂಕು ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ. ಚೀಟಿ ಓದಬಲ್ಲವರು, ಡಾಕ್ಟರರನ್ನು ಹೆದರದೆ ಕೇಳಬಲ್ಲವರು ನಮ್ಮ ಕೇರಿಗಳಲ್ಲಿ ಮೊದಲು ನೀವೇ ತಾನೇ?