ಸ್ಕಿಜೋಫ್ರೇನಿಯಾ: ಹೆತ್ತವಳಿಗೇ ಯಾಕೆ ಶಿಕ್ಷೆ?

ಮಗನಿಗೆ ಸ್ಕಿಜೋಫ್ರೇನಿಯಾ ಅಂತ ಗೊತ್ತಾದ ಮನೆಗೆ ನೋಡೋಕೆ ಬಂದವರು, ಕಾಫಿ ಕುಡಿದು ಮುಗಿಸೋದರೊಳಗೆ ಒಂದು ಪ್ರಶ್ನೆ ಕೇಳೇ ಕೇಳ್ತಾರೆ. "ಮನೇಲಿ ಏನಾದ್ರೂ ಜಗಳ ಗಿಗಳ ಇತ್ತಾ?" ಅಮ್ಮ ಮುದ್ದು ಮಾಡಿದ್ದರೆ ಮುದ್ದು ಮಾಡಿ ಕೆಡಿಸಿದಳು, ಗದರಿದ್ದರೆ ಹೆದರಿಸಿ ಕೆಡಿಸಿದಳು. ಹೇಗಿದ್ದರೂ ತಪ್ಪು ಅವಳದೇ!

ಇದು ಬರೀ ಜಗಲಿ ಕಟ್ಟೆ ಮಾತು ಅಂದುಕೋಬೇಡಿ. ದೊಡ್ಡ ದೊಡ್ಡ ಮನೋವೈದ್ಯರು ಇದನ್ನೇ ವಿಜ್ಞಾನ ಅಂತ ದಶಕಗಳ ಕಾಲ ಹೇಳಿದ್ದಾರೆ. 1948ರಲ್ಲಿ ಅಮೆರಿಕದಲ್ಲಿದ್ದ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಕ್‌ಮನ್ ‘ಸ್ಕಿಜೋಫ್ರೆನೋಜೆನಿಕ್ ಮದರ್’ ಅನ್ನೋ ಪದ ಬಳಸಿದರು. ಅಂದರೆ ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ. ಆಕೆ ಕೆಟ್ಟ ವೈದ್ಯೆಯಲ್ಲ. ರೋಗಿಗಳ ಮೆದುಳನ್ನೇ ಕೊಯ್ಯುತ್ತಿದ್ದ ಕಾಲದಲ್ಲಿ ಅವರ ಜೊತೆ ಕೂತು ಗಂಟೆಗಟ್ಟಲೆ ಮಾತಾಡಿದವರು. ಆದರೆ ಒಳ್ಳೆಯವರು ಹೇಳಿದರು ಅಂತ ತಪ್ಪು ಸರಿ ಆಗೋದಿಲ್ಲವಲ್ಲ.

1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರ ‘ಡಬಲ್ ಬೈಂಡ್’ ಸಿದ್ಧಾಂತ ಬಂತು. ಬಾಯಲ್ಲಿ ಒಂದು, ನಡತೆಯಲ್ಲಿ ಅದಕ್ಕೆ ತದ್ವಿರುದ್ಧ. ಇಂಥ ಇಕ್ಕಟ್ಟಿನಲ್ಲಿ ಬೆಳೆದ ಮಗು ಕೊನೆಗೆ ಈ ಕಾಯಿಲೆಗೆ ಬೀಳುತ್ತದೆ ಅನ್ನೋ ವಾದ. ಅವರು ಕೊಟ್ಟ ಉದಾಹರಣೆ ನೋಡಿ. ಆಸ್ಪತ್ರೆಯಲ್ಲಿ ಸುಧಾರಿಸಿಕೊಳ್ತಿದ್ದ ಮಗ, ನೋಡಲು ಬಂದ ಅಮ್ಮನ ಹೆಗಲ ಮೇಲೆ ಕೈ ಹಾಕುತ್ತಾನೆ. ಆಕೆ ಮೈ ಬಿಗಿ ಮಾಡ್ತಾಳೆ. ಅವನು ಕೈ ತೆಗೆದರೆ, ನನ್ನ ಮೇಲೆ ಪ್ರೀತಿ ಹೋಯ್ತಾ ಅಂತ ಕೇಳ್ತಾಳೆ. ಸಿಕ್ಕಿತಲ್ಲ ಸಾಕ್ಷಿ!

ಅಲ್ಲಾ ಸ್ವಾಮಿ, ಮಗ ಆಗಲೇ ಆಸ್ಪತ್ರೆ ಸೇರಿದ್ದಾನೆ. ಇಲ್ಲದ ದನಿಗಳನ್ನು ಕೇಳುವ, ಯಾರನ್ನೂ ನಂಬದ ಮಗನ ಜೊತೆ ಬದುಕಿದ ತಾಯಿ ಮೈ ಬಿಗಿ ಮಾಡದೆ ಇನ್ನೇನು ಮಾಡ್ತಾಳೆ? ಸರ್ವರ್ ಬಿದ್ದ ಮೇಲೆ ರಾತ್ರಿ ಎರಡು ಗಂಟೆಗೆ ಅದರ ಮುಂದೆ ತಲೆ ಕೆರೆದುಕೊಳ್ತಾ ಕೂತವನನ್ನು ನೋಡಿ, ಇವನ ಟೆನ್ಷನ್ನಿಂದಲೇ ಸರ್ವರ್ ಬಿತ್ತು ಅಂದ ಹಾಗಾಯ್ತು ಇದು. ಪರಿಣಾಮವನ್ನೇ ಕಾರಣ ಅಂತ ತಿಳಿದರೆ ಹೀಗೇ ಆಗೋದು.

1964ರಲ್ಲಿ ಬ್ರಿಟನ್ನಿನ ಆರ್.ಡಿ. ಲೈಂಗ್ ಮತ್ತು ಎಸ್ಟರ್ಸನ್ ಹನ್ನೊಂದು ರೋಗಿಗಳ ಕುಟುಂಬಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅದರಲ್ಲಿ ಹೋಲಿಸಿ ನೋಡೋಕೆ ಕಾಯಿಲೆ ಇಲ್ಲದ ಒಂದು ಕುಟುಂಬವೂ ಇಲ್ಲ. ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತರೆ ಯಾರ ಮನೆಯ ಊಟದ ಹೊತ್ತಿನ ಮಾತುಕತೆ ವಿಚಿತ್ರವಾಗಿ ಕೇಳಿಸೋದಿಲ್ಲ ಹೇಳಿ?

ನಿಜವಾದ ಪರೀಕ್ಷೆ ಮಾಡಿದ್ದು ಲಿಯೊನಾರ್ಡ್ ಹೆಸ್ಟನ್. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಮೂರು ದಿನದೊಳಗೇ ಅವರಿಂದ ಬೇರೆಯಾಗಿ ಬೆಳೆದ 47 ಮಂದಿಯನ್ನು ಅವರು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಅವರಲ್ಲಿ 5 ಮಂದಿಗೆ ಸ್ಕಿಜೋಫ್ರೇನಿಯಾ ಇತ್ತು. ತಾಯಿಗೆ ಈ ಕಾಯಿಲೆ ಇಲ್ಲದೆ, ಅದೇ ರೀತಿ ಬೇರೆ ಕಡೆ ಬೆಳೆದ 50 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಇದು ಪ್ರಕಟವಾಗಿದ್ದು 1966ರಲ್ಲಿ. ಡೆನ್ಮಾರ್ಕಿನ ದತ್ತು ಮಕ್ಕಳ ಅಧ್ಯಯನವೂ ಇದೇ ದಿಕ್ಕು ತೋರಿಸಿತು. ಬೆಳೆಸದ ತಾಯಿ ಬೆಳೆಸುವಾಗ ಮಾಡಿದ ತಪ್ಪು ಯಾವುದು ಸ್ವಾಮಿ?

ಹಾಗಂತ ಎಲ್ಲಾ ವಂಶವಾಹಿ ಅಂತಲೂ ನಾನು ಹೇಳ್ತಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರೋ ಸಾಧ್ಯತೆ ಹೆಚ್ಚೆಂದರೆ ಅರ್ಧದಷ್ಟು. ಉಳಿದದ್ದರಲ್ಲಿ ಹುಟ್ಟುವಾಗಿನ ತೊಂದರೆ, ಗಾಂಜಾ, ನಗರದ ಬದುಕು, ಬಾಲ್ಯದ ದೌರ್ಜನ್ಯ ಎಲ್ಲದರ ಪಾತ್ರವೂ ಇದೆ. ಮಗುವಿಗೆ ಹಿಂಸೆ ಕೊಟ್ಟವರನ್ನು ಯಾರೂ ಕ್ಷಮಿಸಬೇಕಿಲ್ಲ. ಆದರೆ ದೌರ್ಜನ್ಯ ಅಪಾಯ ಹೆಚ್ಚಿಸುತ್ತದೆ ಅನ್ನೋದಕ್ಕೂ, ಕಾಯಿಲೆ ಬಂದ ಪ್ರತಿ ಮನೆಯಲ್ಲೂ ದೌರ್ಜನ್ಯ ನಡೆದಿದೆ ಅನ್ನೋದಕ್ಕೂ ಅಜಗಜಾಂತರ.

ಇನ್ನೊಂದು ವಿಷಯ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಮನೆಯವರ ಟೀಕೆ, ಸಿಡುಕು, ಅತಿಯಾದ ಆತಂಕ ಹೆಚ್ಚಿದ್ದರೆ ಗುಣವಾದ ರೋಗಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ ಅಂತ ತೋರಿಸಿದರು. ಬಹಳ ಜನ ಎಡವೋದು ಇಲ್ಲೇ. ಮರುಕಳಿಸೋಕೆ ಕಾರಣವಾದದ್ದೇ ಮೊದಲು ಕಾಯಿಲೆ ತಂದದ್ದು ಅಂತೇನಿಲ್ಲ. ಮುರಿದ ಕಾಲಿನ ಮೇಲೆ ನಡೆದರೆ ನೋವು ಜಾಸ್ತಿ ಆಗುತ್ತೆ, ಆದರೆ ಕಾಲು ಮುರಿದದ್ದು ನಡೆದದ್ದರಿಂದ ಅಲ್ಲ. ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿಸಿ, ಹೇಗೆ ಮಾತಾಡಬೇಕು ಅಂತ ಕಲಿಸಿದರೆ ಮರುಕಳಿಸೋದು ಕಡಿಮೆಯಾಗುತ್ತದೆ. ಅಂದರೆ ಕುಟುಂಬ ಅಪರಾಧಿ ಅಲ್ಲ, ಚಿಕಿತ್ಸೆಯ ಪಾಲುದಾರ.

ನಮ್ಮ ದೇಶಕ್ಕೆ ಇದು ಹೊಸದೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲಿ ಡೇರೆ ಹಾಕಿಸಿ ಜೊತೆಗೇ ಇರಿಸಿಕೊಂಡಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ಪದ್ಧತಿ ಇದೆ. ಅತ್ತ ಅಮೆರಿಕದಲ್ಲಿ, ಹೊತ್ತ ಆರೋಪ ಸಾಕಾಗಿ ಹೆತ್ತವರೇ 1979ರಲ್ಲಿ ವಿಸ್ಕಾನ್ಸಿನ್‌ನಲ್ಲಿ ನ್ಯಾಮಿ ಅನ್ನೋ ಸಂಘಟನೆ ಕಟ್ಟಿದರು.

ಇಷ್ಟಾದರೂ ಆ ಹಳೇ ಆರೋಪ ‘ಟಾಕ್ಸಿಕ್ ಪೇರೆಂಟ್ಸ್’ ಅನ್ನೋ ಹೊಸ ಅಂಗಿ ತೊಟ್ಟು ಮೊಬೈಲಿನ ರೀಲ್ಸ್‌ಗಳಲ್ಲಿ ಓಡಾಡ್ತಿದೆ. ಇದರಿಂದ ಆಗೋ ನಷ್ಟ ಸಣ್ಣದಲ್ಲ. ನಾಲ್ಕು ಜನ ತಮ್ಮನ್ನೇ ಬೈತಾರೆ ಅಂತ ಹೆದರಿದ ಅಪ್ಪ ಅಮ್ಮ ಕಾಯಿಲೆ ಮುಚ್ಚಿಡ್ತಾರೆ, ದೇವರು ದಿಂಡಿರು ಅಂತ ತಿರುಗ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತೆ ಅಂತ ಇನ್ನೊಂದು ಹೆಣ್ಣುಮಗಳ ಬದುಕನ್ನೂ ಸಿಕ್ಕಿಸ್ತಾರೆ. ಚಿಕಿತ್ಸೆ ತಡವಾದಷ್ಟೂ ಗುಣವಾಗೋದು ಕಷ್ಟ.

ಮುಂದಿನ ಸಲ ಅಂಥ ಮನೆಗೆ ಹೋದಾಗ ಹೇಗೆ ಬೆಳೆಸಿದ್ರಿ ಅಂತ ಕೇಳಬೇಡಿ. ಮಾತ್ರೆ ಸರಿಯಾಗಿ ತಗೊಳ್ತಿದ್ದಾನಾ, ಆಸ್ಪತ್ರೆಗೆ ಜೊತೆಗೆ ಬರಬೇಕಾ, ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ಕೇಳಿ. ಅದೂ ಆಗದಿದ್ದರೆ, ಕಾಫಿ ಕುಡಿದು ಸುಮ್ಮನೆ ಎದ್ದು ಬನ್ನಿ.